ಕೀ ನನ್ನ ಕೈಯಲ್ಲೇ ಇತ್ತು

ಹಳೇ ಕಾರು ಇಟ್ಟುಕೊಂಡವರು ಕತೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಶೆಡ್ಡಿನಲ್ಲೇ ನಿಂತಿರುತ್ತದೆ. ನಮ್ಮದು ಮಾವನವರ ಕಾಲದ ಕಾರು, ಹಾಲುಕೆನೆ ಬಣ್ಣದ್ದು. ಅದನ್ನು ಉಳಿಸಿಕೊಂಡಿದ್ದು ಅತ್ತೆಯವರಿಗಾಗಿ. ಹೊಸ ಕಾರಿನಲ್ಲಿ ಗಾಜು ಏರಿಸಿ ಎ.ಸಿ. ಹಾಕಿದರೆ ಮೊದಲನೇ ತಿರುವಿಗೇ ಅವರಿಗೆ ಹೊಟ್ಟೆ ತೊಳೆಸುತ್ತದೆ. ಬಸ್ಸಂತೂ ಆಗುವುದೇ ಇಲ್ಲ. ಈ ಕಾರಿನಲ್ಲಾದರೆ ಘಾಟಿ ಪೂರ್ತಿ ಚಕ್ಕುಲಿ ತಿನ್ನುತ್ತಾ ಕೂತಿರುತ್ತಾರೆ.

ಅಂಥ ಕಾರಿನ ಇಗ್ನಿಷನ್ ಸ್ವಿಚ್, ಅಂದರೆ ಕೀ ಹಾಕಿ ತಿರುಗಿಸುವ ಜಾಗ, ಕೈಕೊಟ್ಟಿತು. "ಗುಜರಿಗೆ ಕೊಟ್ಟುಬಿಡೋಣ" ಅಂದರು ನಮ್ಮ ಯಜಮಾನರು. ಹೊರನಾಡಿಗೆ ಹೋಗಬೇಕು ಅಂತ ಅತ್ತೆ ಎಷ್ಟೋ ದಿನದಿಂದ ಹೇಳುತ್ತಿದ್ದರು. "ಸ್ವಿಚ್ ಬದಲಾಯಿಸ್ತೀನಿ. ಅತ್ತೇನ ಇದರಲ್ಲೇ ಕರ್ಕೊಂಡು ಹೋಗ್ತೀನಿ" ಅಂದೆ. ಯಜಮಾನರು ನಕ್ಕರು. ನನಗೆ ಹಟ ಹಿಡಿಯಲು ಆ ನಗು ಸಾಕಾಯಿತು.

ಆಲ್ದೂರಿನ ಅಂಗಡಿ ಮುಂದೆ

ಕಾಯಿಲೆ ಮೊದಲು ಕಾಣಿಸಿದ್ದು ಆಲ್ದೂರಿನಲ್ಲಿ. ದಿನಸಿ ಅಂಗಡಿ ಮುಂದೆ ನಿಲ್ಲಿಸಿ, ಕೀ ತೆಗೆದುಕೊಂಡು ಒಳಗೆ ಹೋದೆ. ಬೆಲ್ಲ ತೂಗುತ್ತಿದ್ದ ಅಂಗಡಿಯವರು ತಲೆ ಎತ್ತಿ, "ಅಕ್ಕ, ಗಾಡಿ ಆಫ್ ಮಾಡಿ ಬನ್ನಿ, ಹೊಗೆ ಒಳಗೆ ಬರ್ತಿದೆ" ಅಂದರು.

"ಆಫ್ ಮಾಡಿದೀನಲ್ಲ, ಕೀ ಇಲ್ಲೇ ಇದೆ" ಅಂತ ತೋರಿಸಿದೆ.

ಹೊರಗೆ ಕಾರು ಗಡಗಡ ಅನ್ನುತ್ತಲೇ ಇತ್ತು. ಕೊನೆಗೆ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟು ಅದರ ಉಸಿರು ನಿಲ್ಲಿಸಿದೆ. ವಾಪಸ್ ಬಂದಾಗ ಅಂಗಡಿಯವರು ಬೆಲ್ಲದ ಪೊಟ್ಟಣ ಕಟ್ಟುತ್ತಾ ಸಮಾಧಾನವಾಗಿ ಹೇಳಿದರು: "ಕೀ ನಿಮ್ಮ ಹತ್ರ ಇದೆ ಅಂತ ಅದಕ್ಕೆ ಯಾರೂ ಹೇಳಿಲ್ಲ ಅಂತ ಕಾಣುತ್ತೆ."

ಅತ್ತೆಯ ಡ್ಯೂಟಿ

ಆಮೇಲೆ ಕಾಯಿಲೆ ತಿರುಗಿಬಿತ್ತು. ಈಗ ಕಾರು ಆಫ್ ಆಗುವುದೊಂದೇ ಕೆಲಸ. ಕೀಯನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ತಿರುವಿನಲ್ಲಿ ನನಗೆ ಎರಡೂ ಕೈ ಬೇಕು. ಹಾಗಾಗಿ ಪಕ್ಕದಲ್ಲಿ ಕೂತ ಅತ್ತೆಗೆ ಕೀ ಹಿಡಿಯುವ ಕೆಲಸ ಕೊಟ್ಟೆ. ಅವರು ಬಹಳ ಜವಾಬ್ದಾರಿಯಿಂದ ಒಪ್ಪಿಕೊಂಡರು. ಊಟ ಮಾಡಿ ಹೊರಟಿದ್ದೆವು, ತಂಗಾಳಿ ಬೇರೆ. ಏರು ತಿರುವಿನ ನಟ್ಟನಡುವೆ ಕಾರು ತಣ್ಣಗಾಯಿತು. ಹಿಂದೆ ಬಸ್ಸಿನವನು ಒಂದೇ ಸಮ ಹಾರ್ನ್ ಹೊಡೆದ.

ಅತ್ತೆ ಕಣ್ಣುಜ್ಜಿಕೊಂಡು, "ಬಂದ್ವಾ?" ಅಂತ ಇಳಿಯಲು ಬಾಗಿಲು ತೆಗೆದರು.

ಫ್ಯಾನು

ಆಲ್ದೂರಿನ ಮೆಕ್ಯಾನಿಕ್ ನೋಡಿ, "ಈ ಸ್ವಿಚ್ ಈಗ ಎಲ್ಲೂ ಬರಲ್ಲ ಅಕ್ಕ. ನಾನೊಂದು ದಾರಿ ಮಾಡ್ತೀನಿ" ಅಂದ. ಮನೆ ಗೋಡೆಗೆ ಹಾಕುವ ಸ್ವಿಚ್ ಒಂದು, ಅದರ ಕೆಳಗೆ ಕಾಲಿಂಗ್ ಬೆಲ್ಲಿನ ಗುಂಡಿ ಒಂದು, ಎರಡನ್ನೂ ಡ್ಯಾಶ್‌ಬೋರ್ಡಿಗೆ ಕೂರಿಸಿದ. ಮೇಲಿನದು ಹಾಕಿ ಕೆಳಗಿನದು ಒತ್ತಿದರೆ ಕಾರು ಸ್ಟಾರ್ಟ್.

ಮಾರನೇ ದಿನ ನಮ್ಮ ತೋಟದ ಲೆಕ್ಕ ಬರೆಯುವ ರೈಟರು ನನ್ನ ಜೊತೆ ಪೇಟೆಗೆ ಬರಲು ಕಾರಿನಲ್ಲಿ ಕಾಯುತ್ತಾ ಕೂತಿದ್ದರು. ಬಿಸಿಲು. ಸೆಕೆಯಾಯಿತು. ಎದುರಿಗೆ ಪರಿಚಯದ ಸ್ವಿಚ್ ಕಂಡಿತು, ಹಾಕಿದರು. ಗಾಳಿ ಬರಲಿಲ್ಲ. ಕೆಳಗಿನ ಗುಂಡಿ ಒತ್ತಿ ಹಿಡಿದರು. ಕಾರು ಗೇರಿನಲ್ಲಿತ್ತು. ಎಗರಿಕೊಂಡು ಕಣಕ್ಕೆ ನುಗ್ಗಿ, ಒಣಹಾಕಿದ್ದ ಕಾಫಿ ರಾಶಿಯ ಮೇಲೆ ಮೂತಿ ಇಟ್ಟು ನಿಂತಿತು.

ನಾನು ಓಡಿ ಹೋದೆ. ರೈಟರು ಅಲ್ಲಾಡದೆ ಕೂತಿದ್ದರು. "ಅಮ್ಮಾ," ಅಂದರು, "ಈ ಫ್ಯಾನ್ ಸ್ಪೀಡ್ ಸ್ವಲ್ಪ ಜಾಸ್ತಿ ಇದೆ."

ಕೋಳಿ ಎದ್ದೇಳೋ ಹಾಗಿಲ್ಲ

ಅವತ್ತೇ ತೀರ್ಮಾನ ಮಾಡಿದೆ, ಹಾಕಿದರೆ ಅಸಲಿ ಸ್ವಿಚ್ಚೇ ಹಾಕಬೇಕು. ಚಿಕ್ಕಮಗಳೂರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲ ಕಡೆಯೂ ನನ್ನ ಹಳೇ ಸ್ವಿಚ್ ನೋಡಿ, ಅದರ ವಯಸ್ಸು ಕೇಳಿ, ಕೈಮುಗಿದು ಕಳಿಸಿದರು. ಕೊನೆಗೆ ಮಲ್ಲಂದೂರಿನ ಹಿರಿಯ ಗೌಡರೊಬ್ಬರ ಶೆಡ್ಡಿನಲ್ಲಿ ಇದೇ ಜಾತಿಯ ಕಾರಿದೆ ಅಂತ ಸುದ್ದಿ ಸಿಕ್ಕಿತು. ಹೋಗಿ ನೋಡಿದರೆ ಅದಕ್ಕೆ ಚಕ್ರವಿಲ್ಲ, ಎಂಜಿನ್ನೂ ಇಲ್ಲ. ಒಳಗೆಲ್ಲ ಕೋಳಿಗಳು.

"ಸ್ವಿಚ್ ಬಿಚ್ಕೊಳ್ಳಿ, ಬೇಡ ಅನ್ನಲ್ಲ" ಅಂದರು ಗೌಡರು. "ಆದ್ರೆ ಡ್ರೈವರ್ ಸೀಟಲ್ಲಿ ಕೋಳಿ ಕಾವಿಗೆ ಕೂತಿದೆ. ಅದನ್ನ ಎಬ್ಬಿಸೋ ಹಾಗಿಲ್ಲ."

ಸೆರಗು ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದೆ. ನಾನು ಸ್ಕ್ರೂ ಒಂದು ಸುತ್ತು ಸಡಿಲಿಸಿದರೆ ಕೋಳಿ ಒಂದು ಸಲ ಕುಕ್ಕುತ್ತಿತ್ತು. ಅಂತೂ ಸ್ವಿಚ್ ಕೈಗೆ ಬಂತು. "ಇದರ ಕೀ ಇದೆಯಾ ಗೌಡ್ರೇ?" ಅಂತ ಹೆದರುತ್ತಲೇ ಕೇಳಿದೆ. ಗೌಡರು ಜೇಬಿನಿಂದ ತೆಗೆದು ಕೊಟ್ಟರು.

"ದಿನಾ ಜೇಬಲ್ಲೇ ಇಟ್ಕೊಂಡಿದೀರಾ?"

"ಮತ್ತೆ? ಯಾರಾದ್ರೂ ಓಡಿಸ್ಕೊಂಡು ಹೋದ್ರೆ ಎಂತ ಮಾಡೋದು?"

ಬಣ್ಣದ ದಾರ

ಮೆಕ್ಯಾನಿಕ್‌ನನ್ನು ಕರೆಯಲಿಲ್ಲ. ಮತ್ತೆ ಬೆಲ್ಲು ಗಿಲ್ಲು ಹಾಕಿಯಾನು ಅಂತ ನಾನೇ ಕೂತೆ. ಬ್ಯಾಟರಿ ತಂತಿ ಕಳಚಿದೆ. ಮೆಕ್ಯಾನಿಕ್ ಹಾಕಿದ್ದನ್ನೆಲ್ಲ ಬಿಚ್ಚಿದೆ. ಡ್ಯಾಶ್‌ಬೋರ್ಡಿನ ತಂತಿಗಳೆಲ್ಲ ಹಳತಾಗಿ ಒಂದೇ ಕಂದುಬಣ್ಣಕ್ಕೆ ಬಂದಿದ್ದವು. ಯಾವುದು ಎಲ್ಲಿಗೆ ಅಂತ ತಿಳಿಯಲು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿ, ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಒಂದು ದಾರವೂ ಇಲ್ಲ.

"ಎಲ್ಲ ಗಂಟುಗಂಟಾಗಿತ್ತು ಮಾರಾಯ್ತಿ, ಬಿಡಿಸಿಟ್ಟೆ" ಅಂದರು ಅತ್ತೆ. ದಾರಗಳನ್ನು ಚೆಂದಾಗಿ ಸುತ್ತಿ ಡಬ್ಬಿಗೂ ಹಾಕಿಯಾಗಿತ್ತು.

"ಇನ್ನಾದ್ರೂ ಬಿಟ್ಬಿಡು" ಅಂದರು ಯಜಮಾನರು. ನಾನು ಬಿಡಲಿಲ್ಲ. ಬ್ಯಾಟರಿ ಮತ್ತೆ ಜೋಡಿಸಿ, ಸಣ್ಣ ಬಲ್ಬೊಂದನ್ನು ಹಿಡಿದು ಕರೆಂಟ್ ಇರುವ ತಂತಿ ಯಾವುದೆಂದು ಕಂಡುಹಿಡಿದೆ. ಉಳಿದವನ್ನು ಒಂದೊಂದಾಗಿ ಅದಕ್ಕೆ ತಾಗಿಸಿದೆ. ಒಂದಕ್ಕೆ ಕೆಂಪು ದೀಪ ಹತ್ತಿತು. ಇನ್ನೊಂದಕ್ಕೆ ಸ್ಟಾರ್ಟರ್ ಗುರ್ ಅಂದಿತು. ಮತ್ತೊಂದಕ್ಕೆ ಹಾರ್ನ್ ಕೇರಿಗೆಲ್ಲ ಕೇಳುವಂತೆ ಬಡಿದುಕೊಂಡಿತು.

ಒಳಗಿನಿಂದ ಅತ್ತೆಯ ದನಿ ಬಂತು: "ಬಂದೆ, ಬಂದೆ. ಸೀರೆ ಉಡೋಕಾದ್ರೂ ಬಿಡು."

ಹೊರನಾಡು

ಕೀ ತಿರುಗಿಸಿದರೆ ಸ್ಟಾರ್ಟ್, ಹಿಂದಕ್ಕೆ ತಿರುಗಿಸಿದರೆ ಆಫ್. ಅಷ್ಟು ಸಣ್ಣ ವಿಷಯಕ್ಕೆ ಅಷ್ಟೊಂದು ಸಂತೋಷ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು, ಅತ್ತೆ ಇಬ್ಬರೇ ಹೊರಟೆವು. ಅತ್ತೆ ದಾರಿಯುದ್ದಕ್ಕೂ ಚಕ್ಕುಲಿ ತಿಂದರು. ದರ್ಶನವಾಯಿತು, ಊಟವೂ ಆಯಿತು. ಹೊರಗೆ ಬಂದಾಗ ಜಿರಿಜಿರಿ ಮಳೆ, ದಟ್ಟ ಮಂಜು. ಅತ್ತೆಯನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕಾರು ತರಲು ಹೋದೆ.

ಹಿಂದಿನ ಸೀಟಿನಲ್ಲಿ ಶಾಲೊಂದು ಮುದ್ದೆಯಾಗಿ ಬಿದ್ದಿತ್ತು. ಅತ್ತೆಯದು ಅಂದುಕೊಂಡೆ. ಕೀ ಹಾಕಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಅತ್ತೆಯನ್ನು ಮುಂದೆ ಹತ್ತಿಸಿಕೊಂಡು ಕಳಸದ ದಾರಿ ಹಿಡಿದೆ. "ಬರೋವಾಗಿನಕ್ಕಿಂತ ಈಗ ಇನ್ನೂ ಚೆಂದ ಹೋಗ್ತಿದೆ" ಅಂದರು ಅತ್ತೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ಒಂದು ಗಂಡು ದನಿ, "ಅಮ್ಮಾ, ನನ್ನ ಮಗ ಎಲ್ಲಿ?" ಅಂದಿತು.

ಶಾಲಿನೊಳಗಿನಿಂದ ಒಬ್ಬರು ಅಜ್ಜ ಎದ್ದು ಕೂತಿದ್ದರು. ಅತ್ತೆ ತಿರುಗಿ ನೋಡಿ, ನನ್ನ ಕಡೆ ಬಗ್ಗಿ, "ಇವರನ್ನ ಯಾವಾಗ ಹತ್ತಿಸ್ಕೊಂಡೆ ಮಾರಾಯ್ತಿ?" ಅಂತ ಕೇಳಿದರು.

ಕಾರು ನಮ್ಮದಲ್ಲ. ಅದೇ ಜಾತಿ, ಅದೇ ಬಣ್ಣ. ಸವೆದ ಹಳೇ ಬೀಗಕ್ಕೆ ಯಾವ ಕೀ ಹಾಕಿದರೂ ತಿರುಗುತ್ತದೆ ಅಂತ ಅವತ್ತು ಕಲಿತೆ. ತಪ್ಪಾಯಿತು ಅಂತ ಕೈಮುಗಿದೆ. ಅಜ್ಜ, "ಇರಲಿ ಬಿಡಿ, ಅವನಿಗಿಂತ ನೀವೇ ನಿಧಾನ ಓಡಿಸ್ತೀರಿ" ಅಂದು ಮತ್ತೆ ಶಾಲು ಹೊದ್ದರು.

ಕಾರು ಕದ್ದಿದ್ದಲ್ಲದೆ ಮನುಷ್ಯರನ್ನೂ ಕದ್ದ ಹಾಗಾಗಿತ್ತು. ತಿರುಗಿಸಿಕೊಂಡು ಬಂದರೆ ಪೊಲೀಸಿಲ್ಲ, ಗಲಾಟೆಯಿಲ್ಲ. ನಮ್ಮ ಕಾರಿನ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಪಕ್ಕದಲ್ಲಿ ಟೂಲ್ಸ್ ಹರಡಿದ್ದವು. ನಮ್ಮ ಸದ್ದಿಗೆ ಅಜ್ಜನ ಮಗ ಬೆವರು ಒರೆಸಿಕೊಳ್ಳುತ್ತಾ ಎದ್ದು ಬಂದ.

"ಅಪ್ಪ ಇನ್ನೊಂದು ಸಲ ಊಟಕ್ಕೆ ಹೋದ್ರು ಅಂದ್ಕೊಂಡೆ. ಕೀ ಎಷ್ಟು ತಿರುಗಿಸಿದ್ರೂ ತಿರುಗಲಿಲ್ಲ ನೋಡಿ" ಅಂದ. "ಸ್ವಿಚ್ ಪೂರ್ತಿ ಹೋಗಿದೆ. ಕಷ್ಟಪಟ್ಟು ಈಗ ಬಿಚ್ಚಿ ತೆಗೆದೆ." ಅವನ ಅಂಗೈ ಮೇಲೆ ನನ್ನ ಸ್ವಿಚ್ ಇತ್ತು. ನಮ್ಮ ಡ್ಯಾಶ್‌ಬೋರ್ಡಿನಿಂದ ತಂತಿಗಳೆಲ್ಲ ಶಾವಿಗೆಯಂತೆ ನೇತಾಡುತ್ತಿದ್ದವು.

ನಾನು ಸೆರಗು ಸಿಕ್ಕಿಸಿ ಬ್ಯಾಟರಿ ಕಡೆ ನಡೆದೆ. ಅತ್ತೆ ಅಜ್ಜನ ಕೈ ಹಿಡಿದು ನಿಧಾನವಾಗಿ ಇಳಿಸಿಕೊಂಡರು.

"ಬನ್ನಿ," ಅಂದರು, "ಇವರು ಜೋಡಿಸೋ ಹೊತ್ತಿಗೆ ನಾವು ಇನ್ನೊಂದು ಪಂಕ್ತಿ ಪಾಯಸ ಉಂಡು ಬರೋಣ."