ಶಿವನಂಜಪ್ಪನವರ ಜಾಗ ಹಿಡಿಯುವ ಟವಲ್

"ಎಲ್ಲರೂ ಸರಿಯಾಗಿ ನೋಡ್ತಾ ಇರಿ! ಆಮೇಲೆ ನೋಡ್ಲಿಲ್ಲ ಅನ್ಬೇಡಿ!"

ಶಿವನಂಜಪ್ಪನವರು ಹೆಗಲ ಮೇಲಿದ್ದ ಟವಲನ್ನು ತೆಗೆದು, ಅದರ ಮೂಲೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ನಡುಮನೆಯ ಆ ತುದಿಯಲ್ಲಿದ್ದ ಬೆತ್ತದ ಕುರ್ಚಿಗೆ ಬೀಸಿ ಎಸೆದರು.

ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸವೆದ ಜೀವ. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮುಂಚೆಯೇ ಜನ ಕಿಟಕಿಯಿಂದ ಟವಲ್ ತೂರಿಸಿ ಸೀಟು ಹಿಡಿಯುವುದನ್ನು ನೋಡಿ ನೋಡಿ ಅವರ ತಲೆಗೊಂದು ಹುಳ ಹೊಕ್ಕಿತ್ತು. ಟವಲ್ ಸೀಟು ಹಿಡಿಯುವುದೇನೋ ಸರಿ, ಆದರೆ ಜಗಳಗಂಟರು ಅದನ್ನೆತ್ತಿ ಬಿಸಾಕಿ ಕೂತುಬಿಡುತ್ತಾರಲ್ಲ? ಟವಲ್ಲೇ ಮನುಷ್ಯನ ಹಾಗೆ ಕಂಡರೆ? ನಿವೃತ್ತಿಯಾದ ಮೇಲೆ ಹಿತ್ತಿಲ ಶೆಡ್ಡಿನಲ್ಲಿ ಕೂತು ಆ ಹುಳಕ್ಕೆ ರೆಕ್ಕೆ ಕಟ್ಟಿದ್ದರು. ಟವಲಿನ ಅಂಚಿನೊಳಗೆ ಕೂದಲೆಳೆಯಂಥ ತಂತಿ ಸೇರಿಸಿ ಹೊಲಿದುಕೊಟ್ಟವಳು ಅವರ ನಾದಿನಿ ಸರ್ವಮಂಗಳಾ. ಮನೆಯವರ ಬಾಯಲ್ಲಿ ಮಂಗಳಾ. ಹುಟ್ಟಿನಿಂದ ಅವಳಿಗೆ ಕಾಲಲ್ಲಿ ಬಲವಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಕೈಮಿಷನ್ನು ತಿರುಗಿಸಿ ಬಡಾವಣೆಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದಳು.

ಟವಲ್ ಎಸೆದ ಮೇಲೆ ಏನಾಯಿತೆಂದು ಮಂಗಳಾಳಿಗೆ ಸರಿಯಾಗಿ ನೆನಪಿಲ್ಲ. ಭಾವ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ದಿನಾ ಕೂರುವ ಹಾಗೆಯೇ. ಅಕ್ಕ ದಾಕ್ಷಾಯಿಣಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು.

"ರೀ, ಸಕ್ಕರೆ ಹಾಕ್ಲಾ, ಚಟ್ನಿಪುಡಿ ಹಾಕ್ಲಾ?"

"ಬರ್ತಾರೆ" ಎಂದರು ಭಾವ.

"ಯಾರು ಬರ್ತಾರೆ?"

"ಬರ್ತಾರೆ."

"ಬೆಳಗ್ಗೆ ಬೆಳಗ್ಗೆ ಯಾರನ್ರೀ ಕರೆದಿದೀರ? ಮುಂಚೇನೇ ಒಂದು ಮಾತು ಹೇಳೋಕೆ ನಿಮಗೇನು ದಾಡಿ!"

ಭಾವ ಮುಗುಳ್ನಕ್ಕರು. ಕಣ್ಣು ಮಾತ್ರ ಮಿಟುಕಿಸಲಿಲ್ಲ. ಉಪ್ಪಿಟ್ಟಿನ ಹಬೆ ಮೇಲೆದ್ದು ಅವರ ಗಲ್ಲದೊಳಗೆ ಹೋಗಿ ತಲೆಯ ಹಿಂಭಾಗದಿಂದ ಹೊರಗೆ ಬಂತು. ಮಂಗಳಾ ಅದನ್ನು ನೋಡಿದಳು, ನೋಡಿಯೂ ಯಾಕೋ ಅವಳಿಗೆ ಆಶ್ಚರ್ಯವೆನಿಸಲಿಲ್ಲ.

ತಟ್ಟನೆ ಕುರ್ಚಿ ಖಾಲಿಯಾಯಿತು. ಕೈಯಲ್ಲಿ ಟವಲ್ ಹಿಡಿದು, ಬೆವರಿ ತೊಯ್ದು, ಭಾವ ಕುರ್ಚಿಯ ಪಕ್ಕದಲ್ಲಿ ನಿಂತಿದ್ದರು.

"ಕೂಗಿ ಕೂಗಿ ಗಂಟಲು ಬಿದ್ದೋಯ್ತು, ಒಬ್ರಿಗೂ ನಾನು ಕಾಣ್ಲಿಲ್ಲ! ದಾಕ್ಷಾಯಿಣಿ, ನಿನ್ನ ಮೂಗಿನ ಮುಂದೆ ತಟ್ಟೆ ಬಡಿದೆನಲ್ಲೇ!"

"ನೀವಾ? ನೀವು ಕುರ್ಚೀಲಿ ಕೂತಿದ್ರಲ್ರೀ!"

"ನಾನಲ್ಲ, ಟವಲ್! ಗೆದ್ದುಬಿಡ್ತು! ಮೊದಲ್ನೇ ಏಟಿಗೇ ಗೆದ್ದುಬಿಡ್ತು!" ಭಾವ ಕುಣಿದಾಡಿದರು. "ಬರ್ತಾರೆ ಅಂತ ಒಂದೇ ಮಾತು ತುಂಬಿದೀನಿ. ಜಾಗ ಹಿಡಿಯೋಕೆ ಅಷ್ಟು ಸಾಕು."

"ಭಾವ, ನೀವು ಟವಲ್ ಎಸೆದಿದ್ದೇ ನಂಗೆ ಮರೆತುಹೋಗಿತ್ತು" ಎಂದಳು ಮಂಗಳಾ.

"ಜಾಗ ಹಿಡಿಯೋದು ಅಂದ್ರೆ ಅದೇ ಅಲ್ವೇನಮ್ಮ? ಅರ್ಧಂಬರ್ಧ ಹಿಡಿದ್ರೆ ಯಾರು ಬಿಡ್ತಾರೆ!"

ಈ ಸರ್ಕಸ್ಸೆಲ್ಲ ಯಾಕೆಂದರೆ, ಊರಾಚೆಯ 'ಮೋಜುಗಿರಿ' ಎಂಬ ಆಟದ ಉದ್ಯಾನದಲ್ಲಿ ಗಗನತೊಟ್ಟಿಲು ಎಂಬ ದೊಡ್ಡ ಚಕ್ರವಿತ್ತು. ಅದರ ತುದಿಯಿಂದ ಊರೆಲ್ಲ ಕಾಣುತ್ತದಂತೆ. ಚಿಕ್ಕಂದಿನಿಂದಲೂ ಎಲ್ಲಿಗೆ ಹೋದರೂ ಎಲ್ಲರೂ ಮೇಲೆ ಹತ್ತುವವರು, ಮಂಗಳಾ ಕೆಳಗೆ ಬ್ಯಾಗು, ಚಪ್ಪಲಿ ಕಾಯುವವಳು. ಒಂದೇ ಒಂದು ಸಲ ಮೇಲಿನಿಂದ ಕೆಳಗೆ ನೋಡಬೇಕೆಂಬ ಆಸೆ ಅವಳಿಗೆ.

ಸಾಲಿನಲ್ಲಿ ನಿಲ್ಲಲಾಗದವರಿಗೆ ಮೋಜುಗಿರಿಯವರು ಹಸಿರು ಪಾಸ್ ಕೊಡುತ್ತಾರೆ. ಅದು ಕೈಯಲ್ಲಿದ್ದರೆ ಬೇರೆ ಬಾಗಿಲು, ಗಾಲಿಕುರ್ಚಿ ಹೋಗುವ ಇಳಿಜಾರು ದಾರಿ, ಜೊತೆಗೆ ಇಬ್ಬರಿಗೆ ಪ್ರವೇಶ. ಏರ್ಪಾಡು ಚೆನ್ನಾಗಿಯೇ ಇತ್ತು. ಆದರೆ ಆ ಪಾಸ್ ಪಡೆಯಲು ಸಾಲಿನಲ್ಲಿ ನಿಲ್ಲಬೇಕು! ಅದೂ ಖುದ್ದಾಗಿ. ಕೌಂಟರಿನ ಮುಂದೆ ಕಬ್ಬಿಣದ ಕಂಬಿಗಳ ಅಂಕುಡೊಂಕು ದಾರಿ, ಗಾಲಿಕುರ್ಚಿಯ ಒಂದು ಚಕ್ರವೂ ಅದರೊಳಗೆ ತೂರುವುದಿಲ್ಲ. ಇದನ್ನು ಯೋಜಿಸಿದ ಮಹಾನುಭಾವರಿಗೆ ಒಂದು ಶಾಲು ಹೊದಿಸಬೇಕು. ಹೋದ ಸಲ ಭಾವ ಮ್ಯಾನೇಜರನ್ನು ಹುಡುಕಿ, ಜಗಳವಾಡಿ, ಗೆದ್ದು ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು.

"ಸಾಲಲ್ಲಿ ಟವಲ್ ನಿಂತಿರತ್ತೆ, ನೀನು ನೆರಳಲ್ಲಿ ಕೂತಿರು. ಪಾಸ್ ಕೈಗೆ ಸಿಕ್ಕಿದ ಕೂಡ್ಲೆ ನಾನೇ ಟವಲ್ ಎತ್ತಿಬಿಡ್ತೀನಿ" ಎಂದರು ಭಾವ.

ಬೇಡ ಎನ್ನಬೇಕೆಂದು ಮಂಗಳಾಳ ನಾಲಿಗೆಯ ತುದಿಗೆ ಬಂದಿತ್ತು. ಗಗನತೊಟ್ಟಿಲು ನೆನಪಾಗಿ ನುಂಗಿಕೊಂಡಳು.

ಭಾನುವಾರ ಮಧ್ಯಾಹ್ನ ಮೋಜುಗಿರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಂಗೆಮರದ ಕೆಳಗೆ ಕುರ್ಚಿ ನಿಲ್ಲಿಸಿ ಮಂಗಳಾ ಗುಂಡಿ ಒತ್ತಿ, ಹಸಿರು ಪಾಸಿನ ಸಾಲಿನ ಬಾಲಕ್ಕೆ ಟವಲ್ ಎಸೆದಳು.

ಸಾಲಿನಲ್ಲಿ ಒಬ್ಬಳು ನಿಂತಿದ್ದಳು. ಮಂಗಳಾ ಉಟ್ಟಿದ್ದ ಅದೇ ಸಾಸಿವೆ ಬಣ್ಣದ ಸೀರೆ, ಅದೇ ಹಸಿರು ರವಿಕೆ, ಎಡಹೆಗಲ ಮೇಲೆ ಟವಲ್. ಬೆನ್ನು ನೆಟ್ಟಗೆ, ಎರಡೂ ಪಾದ ನೆಲದ ಮೇಲೆ. ಜೋರಾಗಿ ಬೀಸುತ್ತಿದ್ದ ಗಾಳಿಗೆ ಎಲ್ಲರ ಸೆರಗು ಹಾರುತ್ತಿದ್ದರೂ ಅವಳದ್ದು ಮಾತ್ರ ಅಲ್ಲಾಡುತ್ತಿರಲಿಲ್ಲ. ತಾನು ನಿಂತರೆ ಇಷ್ಟು ಎತ್ತರ ಎಂಬುದು ಮಂಗಳಾಳಿಗೆ ಅಂದೇ ಗೊತ್ತಾದದ್ದು. ಅವಳಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

"ಭಾವ, ನೋಡಿದ್ರಾ?" ಎಂದಳು.

ಭಾವ ಅವಳತ್ತ ತಿರುಗಲಿಲ್ಲ. "ಬಾರೇ ದಾಕ್ಷಾಯಿಣಿ, ಮಂಗಳಾ ಒಬ್ಬಳೇ ನಿಂತಿದಾಳೆ" ಎನ್ನುತ್ತಾ ಸಾಲಿನತ್ತ ನಡೆದರು. ಅಕ್ಕ ಮಂಗಳಾಳ ಕುರ್ಚಿಗೇ ಕಾಲು ತಾಗಿಸಿಕೊಂಡು, "ಯಾರೋ ಕುರ್ಚಿ ಅಡ್ಡ ಬಿಟ್ಟು ಹೋಗಿದಾರೆ, ಬುದ್ಧಿ ಬೇಡ್ವಾ" ಎಂದು ಗೊಣಗಿ ಹೋದಳು.

ಸಾಲು ಕರಗಿತು. ಟವಲಿನವಳು ಕೌಂಟರ್ ಮುಟ್ಟಿದಳು.

"ಯಾರಿಗೆ ಸರ್ ಪಾಸು?" ಎಂದಳು ಒಳಗಿದ್ದ ಹುಡುಗಿ.

"ಇವಳಿಗೇ ಕಣಮ್ಮ, ನಮ್ಮ ನಾದಿನಿಗೆ."

"ಮೇಡಂ, ನಿಮಗೇನು ತೊಂದ್ರೆ?"

"ಬರ್ತಾರೆ."

"ಚೆನ್ನಾಗಿ ನಿಂತಿದಾರಲ್ಲ ಸರ್! ಇದು ನಿಲ್ಲೋಕೆ ಆಗ್ದೇ ಇರೋರಿಗೆ. ನಿಂತ್ಕೊಂಡು ಬಂದು ಕೇಳಿದ್ರೆ ಹೆಂಗೆ ಕೊಡೋದು?"

ಭಾವ ತಲೆ ಕೆರೆದುಕೊಂಡರು. "ಅದೂ ಸರೀನೇ. ನಾವ್ಯಾಕೆ ಈ ಸಾಲಿಗೆ ಬಂದ್ವಿ?"

"ನೀವು ತಾನೆ ಕರ್ಕೊಂಡು ಬಂದಿದ್ದು! ಬರೀ ತಲೆಹರಟೆ! ನಡೀರಿ, ಎಲ್ಲರ ಸಾಲಲ್ಲೇ ಹೋಗೋಣ" ಎಂದಳು ಅಕ್ಕ. ಟವಲಿನವಳ ತೋಳಿಗೆ ತೋಳು ಸೇರಿಸಿದಳು. ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಗಗನತೊಟ್ಟಿಲಿನ ಕಡೆಗೆ ಹೊರಟರು.

"ಅಕ್ಕಾ! ಭಾವಾ! ನಾನಿಲ್ಲಿದೀನಿ!" ಮಂಗಳಾ ಕಂಬಿಯ ಈಚೆಯಿಂದ ಅರಚಿದಳು. ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದವನೂ ತಿರುಗಿ ನೋಡಲಿಲ್ಲ. ಅವನು ಪೊಟ್ಟಣ ಮುದುರಿ ಅವಳ ಮಡಿಲಿಗೆ ಹಾಕಿ ಹೋದ.

ಅವಳು ಕುರ್ಚಿ ತಿರುಗಿಸುವ ಮೊದಲೇ ಯಾರೋ ಹಿಂದಿನಿಂದ ಕುರ್ಚಿಯ ಹಿಡಿಗೆ ಕೈ ಹಾಕಿದರು. ಇಬ್ಬರು ಕಾವಲಿನವರು.

"ಖಾಲಿ ಕುರ್ಚಿ ಗುರೂ. ಕಳೆದುಹೋದ ಸಾಮಾನಿನ ರೂಮಿಗೆ ಹಾಕು."

"ಎಷ್ಟು ಭಾರ ಐತೆ ನೋಡು!"

"ಚಕ್ರಕ್ಕೆ ಎಣ್ಣೆ ಬಿಟ್ಟಿಲ್ಲ ಅನ್ಸತ್ತೆ."

ಮಂಗಳಾ ಅವನ ಕೈ ಚಿವುಟಿದಳು. "ಸೊಳ್ಳೆ" ಎಂದು ಅವನು ಕೈ ಕೊಡವಿಕೊಂಡ.

ಆ ಕೋಣೆಯಲ್ಲಿ ಕೊಡೆಗಳು, ನೀರಿನ ಬಾಟಲಿಗಳು, ಒಂಟಿ ಚಪ್ಪಲಿಗಳು. ಕಾವಲಿನವನು ಅವಳ ಮಡಿಲ ಮೇಲೆ ಯಾರ್ಯಾರದ್ದೋ ಬ್ಯಾಗುಗಳನ್ನು ಪೇರಿಸಿ, ಕುರ್ಚಿಯ ಹಿಡಿಗೊಂದು ಚೀಟಿ ಕಟ್ಟಿ ಹೊರಟುಹೋದ. ಹೊರಗೆ ನಗು, ಕೇಕೆ, ಚಕ್ರಗಳ ಸದ್ದು. ಎದುರಿನ ಕಪಾಟಿನಲ್ಲಿ ಒಂದು ಹೊಳೆಯುವ ಸ್ಟೀಲ್ ಟಿಫಿನ್ ಡಬ್ಬಿಯಿತ್ತು. ಮಂಗಳಾ ಬಗ್ಗಿ ಅದರಲ್ಲಿ ತನ್ನ ಮುಖ ನೋಡಿಕೊಳ್ಳಲು ಹೋದಳು. ಡಬ್ಬಿಯಲ್ಲಿ ಕುರ್ಚಿಯಿತ್ತು, ಕುರ್ಚಿಯ ಮೇಲೆ ಬ್ಯಾಗುಗಳಿದ್ದವು. ಮತ್ತೇನೂ ಇರಲಿಲ್ಲ.

ಅವಳಿಗೆ ಜೀವ ಬಾಯಿಗೆ ಬಂತು. ಜನ ತನ್ನನ್ನು ನೋಡದಿರುವುದು ಅವಳಿಗೆ ಹೊಸದಲ್ಲ. ಮದುವೆ ಮನೆಗಳಲ್ಲಿ "ಇವ್ರಿಗೆ ಕಾಫಿ ಬೇಕಂತಾ?" ಎಂದು ಅವಳ ತಲೆಯ ಮೇಲಿಂದ ಅಕ್ಕನನ್ನು ಕೇಳುತ್ತಾರೆ. ಅಕ್ಕ ಪ್ರತಿ ಸಲವೂ "ಅವಳಿಗೇ ಬಾಯಿದೆ, ಅವಳನ್ನೇ ಕೇಳಿ" ಎಂದು ರೇಗುತ್ತಾಳೆ. ಲೋಕವೆಲ್ಲ ನೋಡದಿದ್ದರೂ ಅಕ್ಕ ನೋಡುತ್ತಿದ್ದಳು. ಈಗ ಅಕ್ಕನಿಗೂ ಕಾಣದೆ ಹೋದರೆ? ಸಂಜೆ ಅವರು ಆ ಟವಲಿನವಳನ್ನು ಕರೆದುಕೊಂಡು ಮನೆಗೆ ಹೋಗುತ್ತಾರೆ. ಅವಳು ಮಂಗಳಾಳ ಮಂಚದ ಪಕ್ಕ ನಿಂತಿರುತ್ತಾಳೆ. ಒಬ್ಬಳು ಕಳೆದುಹೋಗಿದ್ದಾಳೆಂದು ಯಾರಿಗೂ ಅನಿಸುವುದೇ ಇಲ್ಲ.

"ನನ್ನ ಜಾಗ ಅದು" ಎಂದು ಮಂಗಳಾ ಆ ಡಬ್ಬಿಗೆ ಹೇಳಿದಳು. ಬ್ಯಾಗುಗಳನ್ನು ನೆಲಕ್ಕೆ ಒದರಿ, ಚಕ್ರಕ್ಕೆ ಕೈ ಹಾಕಿದಳು.

ಗಗನತೊಟ್ಟಿಲಿನ ಒಂದು ಮಗ್ಗುಲಲ್ಲಿ ಜನ ಮೆಟ್ಟಿಲು ಹತ್ತುತ್ತಿದ್ದರು. ಇನ್ನೊಂದು ಮಗ್ಗುಲಲ್ಲಿ ಹಸಿರು ಪಾಸಿನ ಇಳಿಜಾರು ದಾರಿ ಖಾಲಿ ಬಿದ್ದಿತ್ತು, ಮುಂದೊಬ್ಬ ಕಾವಲಿನವನು. ಪಾಸ್ ತೋರಿಸಿ ಎಂದು ಕೇಳಬೇಕಾದರೆ ಅವನಿಗೆ ಯಾರಾದರೂ ಕಾಣಬೇಕಲ್ಲ! ಮಂಗಳಾ ಅವನ ಹೊಟ್ಟೆಯ ಪಕ್ಕದಿಂದಲೇ ಸಾಗಿ ಏರತೊಡಗಿದಳು. ಕೈಮಿಷನ್ನು ತಿರುಗಿಸಿ ಗಟ್ಟಿಯಾದ ತೋಳುಗಳೂ ಅರ್ಧ ದಾರಿಗೆ ನಡುಗಿದವು. ಹಿಂದಕ್ಕೆ ಜಾರಿದಳು, ಬೈದುಕೊಂಡಳು, ಮತ್ತೆ ತಳ್ಳಿದಳು.

ಮೇಲಿನ ಕಟ್ಟೆ ಮುಟ್ಟಿದಾಗ ತೊಟ್ಟಿಲೊಂದು ಬಂದು ನಿಂತಿತ್ತು. ಅಕ್ಕ, ಭಾವ ಅಕ್ಕಪಕ್ಕ ಕೂತಿದ್ದರು. ಅವರೆದುರಿನ ಸೀಟಿನಲ್ಲಿ ಟವಲಿನವಳು. ಅಕ್ಕ ಬಗ್ಗಿ ಅವಳ ಮಂಡಿ ಸವರುತ್ತಿದ್ದಳು.

"ನಾವಿಬ್ರೂ ಜೊತೆಗೆ ನಡ್ಕೊಂಡು ಬಂದ್ವಲ್ಲೇ ಮಂಗಳಾ" ಎಂದಳು ಅಕ್ಕ. "ಯಾಕೋ ಗೊತ್ತಿಲ್ಲ, ಅಳು ಬರ್ತಿದೆ ಕಣೆ."

ಮಂಗಳಾಳ ಕೈ ಚಕ್ರದ ಮೇಲೆಯೇ ನಿಂತಿತು. ಅಕ್ಕನ ಮುಖದಲ್ಲಿ ಅಂಥ ಬೆಳಕನ್ನು ಅವಳು ಎಂದೂ ಕಂಡಿರಲಿಲ್ಲ. ಹಾಗೇ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ನಿಜವಾಗಿಯೂ ಅನಿಸಿತು. ಅಷ್ಟರಲ್ಲಿ ಆಪರೇಟರ್ ಬಾಗಿಲು ಹಾಕಲು ಕೈ ಚಾಚಿದ.

"ಏಯ್! ಅದು ನನ್ನ ಸೀಟು! ಏಳು ಮೇಲೆ!"

ಬಸ್ಸಿನಲ್ಲಿ ಎಲ್ಲರೂ ಆಡುವ ಜಗಳವನ್ನು ಮಂಗಳಾ ಜೀವಮಾನದಲ್ಲಿ ಮೊದಲ ಸಲ ಆಡಿದಳು. ಇಷ್ಟು ದಿನ ಸೀಟು ಬಿಟ್ಟುಕೊಟ್ಟವರಿಗೆಲ್ಲ ಥ್ಯಾಂಕ್ಸ್ ಹೇಳಿಯೇ ಅಭ್ಯಾಸ. ತೊಟ್ಟಿಲಿನ ಕಂಬಿ ಹಿಡಿದು, ಎರಡೂ ತೋಳಿನ ಬಲದಿಂದ ಕುರ್ಚಿಯಿಂದ ತನ್ನನ್ನು ಎತ್ತಿ ಒಳಗೆ ಎಳೆದುಕೊಂಡಳು.

ಟವಲಿನವಳು ನಿಧಾನವಾಗಿ ಕತ್ತು ತಿರುಗಿಸಿದಳು. ಮೊದಲ ಬಾರಿಗೆ ಕಣ್ಣು ಮಿಟುಕಿಸಿದಳು.

"ಬಂದ್ರಾ?" ಎಂದಳು.

ಆ ಮಾತನ್ನು ಭಾವ ತುಂಬಿರಲಿಲ್ಲ. ಮಂಗಳಾಳ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಟವಲಿನವಳು ಮರ್ಯಾದೆಯಿಂದ ಕಿಟಕಿಯ ಕಡೆಗೆ ಕೊಂಚ ಸರಿದು ಜಾಗ ಮಾಡಿಕೊಟ್ಟಳು. ಮಂಗಳಾ ಸೀಟಿನ ಮೇಲೆ ಬಿದ್ದವಳೇ ಕಣ್ಣು ಮುಚ್ಚಿ, ಆ ಹೆಗಲ ಮೇಲಿನ ಟವಲನ್ನು ಕಿತ್ತೆಳೆದಳು. ಕಣ್ಣು ಬಿಟ್ಟಾಗ ಪಕ್ಕದ ಜಾಗ ಖಾಲಿಯಾಗಿತ್ತು.

"ಅಯ್ಯೋ ಮಂಗಳಾ!" ಅಕ್ಕ ಚೀರಿದಳು. "ಎಲ್ಲೇ ಇದ್ದೆ ನೀನು?"

ಹಾಗೆ ಕೇಳುವಾಗ ಅಕ್ಕನ ಕಣ್ಣು ಮೊದಲು ಹೋದದ್ದು ಮಂಗಳಾಳ ಕಾಲಿನ ಕಡೆಗೆ. ಮಂಗಳಾ ಅದನ್ನು ನೋಡಿದಳು. ನೋಡಿದಳೆಂದು ಅಕ್ಕನಿಗೂ ತಿಳಿಯಿತು.

"ಮುಖ ನೋಡು ಅಕ್ಕ" ಎಂದಳು ಮಂಗಳಾ. "ನಾನು ಇಲ್ಲಿದೀನಿ."

ಅಕ್ಕ ನೋಡಿದಳು. ಆಮೇಲೆ ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಅಳುತ್ತಲೇ ಅವಳ ಕೈಯಿಂದ ಟವಲ್ ಕಿತ್ತುಕೊಂಡು ಗಂಡನ ಬೆನ್ನಿಗೆ ಬಾರಿಸಿದಳು. ತೊಟ್ಟಿಲು ಅಲುಗಾಡಿ ಮೇಲೇರತೊಡಗಿತು.

ಊರು ಒಂದೊಂದಾಗಿ ತೆರೆದುಕೊಂಡಿತು: ಕೆರೆ, ಗುಡ್ಡದ ಮೇಲಿನ ನೀರಿನ ಟ್ಯಾಂಕು, ರೈಲು ಹಳಿ, ಅವರ ಬಡಾವಣೆಯ ತಾರಸಿಗಳಲ್ಲಿ ಒಣಗುವ ಬಟ್ಟೆ. ಮಂಗಳಾ ಸೀಟಿನ ಕಂಬಿ ಹಿಡಿದು ಬಾಯಿ ತೆರೆದು ನೋಡಿದಳು. ಎದೆ ತುಂಬಿಬಂತು. ತುದಿ ಮುಟ್ಟಿದಾಗ ಭಾವ ಕೆಳಗೆ ಬಗ್ಗಿ ನೋಡಿ ಬಿಳಿಚಿಕೊಂಡರು.

"ಮಂಗಳಾ... ಟವಲ್ ನಿನ್ನ ಅಕ್ಕನ ಕೈಲೇ ಇದೆ ತಾನೆ?"

"ಇದೆ. ಯಾಕೆ ಭಾವ?"

ಕೆಳಗೆ, ಹಸಿರು ಪಾಸಿನ ಸಾಲಿನ ಬಾಲದಲ್ಲಿ, ಸಾಸಿವೆ ಬಣ್ಣದ ಸೀರೆಯವಳು ನಿಂತಿದ್ದಳು. ಹೆಗಲ ಮೇಲೆ ಏನೂ ಇರಲಿಲ್ಲ.

"ಟವಲ್ ಇಲ್ದೇನೇ ನಿಂತಿದೆ ಕಣ್ರೇ!" ಭಾವನ ದನಿಯಲ್ಲಿ ಹೆದರಿಕೆಯಷ್ಟೇ ಜಂಬವೂ ಇತ್ತು.

"ಅದೇನು ಮೆಡಲ್ ತಗೊಳ್ಳೋ ವಿಷಯಾನಾ! ಇಳಿದ ತಕ್ಷಣ ಹೋಗಿ ಕರ್ಕೊಂಡು ಬನ್ನಿ!" ಎಂದಳು ಅಕ್ಕ.

"ಕರ್ಕೊಂಡು ಬಂದು ಎಲ್ಲಿ ಇಟ್ಕೊಳ್ತೀಯ? ಅಡುಗೆಮನೇಲಾ?"

ಅವರಿಬ್ಬರೂ ಕಚ್ಚಾಡುತ್ತಿದ್ದಂತೆ ಕೆಳಗೆ ಕೌಂಟರಿನ ಬಾಗಿಲು ಎಳೆದರು. ಸಾಲು ಚದುರಿತು. ಹುಡುಗಿ ಬೀಗ ಹಾಕಿ, ಆ ಸೀರೆಯವಳಿಗೆ ಏನೋ ಹೇಳಿ, ಉತ್ತರ ಕೇಳಿ ತಲೆ ಚಚ್ಚಿಕೊಂಡು ಹೊರಟುಹೋದಳು. ಕಂಬಿಗಳ ನಡುವೆ ಮುಚ್ಚಿದ ಕಿಟಕಿಗೆ ಮುಖ ಮಾಡಿ ಅವಳೊಬ್ಬಳೇ ಉಳಿದಳು. ನೆಟ್ಟಗಿನ ಬೆನ್ನು, ನೆಲಕ್ಕೂರಿದ ಪಾದ. ಆ ಎರಡಕ್ಕಾಗಿ ಮಂಗಳಾ ಬಾಲ್ಯದಿಂದ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ.

"ಕರೀಬೇಕಾ ಮಂಗಳಾ?" ಎಂದು ಭಾವ ಮೆಲ್ಲಗೆ ಕೇಳಿದರು.

ಮಂಗಳಾ ಕಂಬಿಗೆ ಒರಗಿ ಕೆಳಗೆ ನೋಡಿದಳು.

"ಬೇಡ ಬಿಡಿ ಭಾವ. ನಿಲ್ಲೋದು ಅಂದ್ರೆ ಇಷ್ಟೇ ಅಂತ ಮೊದಲೇ ಗೊತ್ತಿದ್ದಿದ್ರೆ, ನಾನು ಇಷ್ಟು ವರ್ಷ ಹೊಟ್ಟೆಕಿಚ್ಚು ಪಡ್ತಾನೇ ಇರ್ಲಿಲ್ಲ."