ಕರೆದರೆ ಬರುವ ಕಿಟಕಿ

ಈಚೆಗೆ ತೀರಿಕೊಂಡ ನನ್ನ ಗೆಳೆಯನಿಗೆ ಸಂಸಾರದಲ್ಲಿದ್ದ ಕೊರಗು ಒಂದೇ: ಹೆಂಡತಿ ಕಂಪ್ಯೂಟರಿನಲ್ಲಿ ಬೇಕಾಬಿಟ್ಟಿ ಕಿಟಕಿ ತೆರೆಯುತ್ತಾಳೆ. ಆಕೆ, ಅಂದರೆ ನಾನು ಅತ್ತಿಗೆ ಎಂದು ಕರೆಯುವವರು, ಮನೆಯ ಮುಂಗೋಣೆಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಾರೆ. ಗಿರಾಕಿಗಳ ಫೋಟೋ ಇಡುವ ‘ಹೊಸದು’ ಎಂಬ ಫೋಲ್ಡರ್ ಆಗಲೇ ತೆರೆದಿದ್ದರೂ ಮತ್ತೆ ಅದನ್ನೇ ಒತ್ತುತ್ತಿದ್ದರು. ಒಂದರ ಮೇಲೊಂದು ಕಿಟಕಿ ಪೇರಿಕೊಂಡು (ಅರಮನೆಗೂ ಅಷ್ಟು ಕಿಟಕಿ ಇರಲಾರದು) ಯಂತ್ರ ಏದುಸಿರು ಬಿಡುತ್ತಿತ್ತು.

“ನನ್ನ ಕಿಟಕಿ ಎಣಿಸೋದು ಬಿಟ್ಟು, ಊಟಕ್ಕೆ ಹತ್ತು ಸಲ ಕರೆದ್ರೆ ಒಂದ್ಸಲನಾದ್ರೂ ಎದ್ದು ಬನ್ನಿ!”

“ತಾಳು, ಪ್ರೋಗ್ರಾಮ್ ಬರೀತೀನಿ. ಫೋಲ್ಡರ್ ತೆರೆದಿದ್ಯಾ ಅಂತ ಮೊದಲು ಹುಡುಕುತ್ತೆ. ತೆರೆದಿದ್ರೆ ಅದನ್ನೇ ಎಳ್ಕೊಂಡು ಬಂದು ಮುಂದೆ ನಿಲ್ಸುತ್ತೆ. ಗೆದ್ರೆ ಇನ್ಮೇಲೆ ನಾನು ಪಾತ್ರೆ ತೊಳೆಯಲ್ಲ!”

“ಸೋತ್ರೆ?”

“ಬಚ್ಚಲೂ ನಾನೇ ತೊಳೀತೀನಿ.”

ಇಷ್ಟು ಘೋರ ಪಣ ತೊಟ್ಟವನು ಊಟ, ನಿದ್ದೆ ಬಿಟ್ಟು ತಪಸ್ಸಿಗೆ ಕೂತ. (ಊಟ ಬಿಡಲಿಲ್ಲ, ತಡವಾಗಿ ಮಾಡಿದ.)

ಲೋಕಾರ್ಪಣೆಯ ದಿನ ತಮ್ಮ ಫೋಟೋ ಒಯ್ಯಲು ಬಂದಿದ್ದ ಹಲ್ಲಿನ ಡಾಕ್ಟರೇ ಸಾಕ್ಷಿ.

“ಒತ್ತು!” ಎಂದು ಅಪ್ಪಣೆ ಕೊಡಿಸಿದ.

ಅತ್ತಿಗೆ ಒತ್ತಿದರು. ಹೊಸ ಕಿಟಕಿ ತೆರೆಯಲಿಲ್ಲ. ಎಲ್ಲೋ ಮುದುಡಿ ಕೂತಿದ್ದ ಕಿಟಕಿಯೊಂದು ಎದ್ದು ಬಂದು ಠಾಕುಠೀಕಾಗಿ ನಿಂತಿತು.

“ಗೆದ್ದೆ!” ಎಂದು ಕುಣಿದ.

ಆದರೆ ಅದು ಅತ್ತಿಗೆಯ ‘ಹೊಸದು’ ಅಲ್ಲ. ಪುಣ್ಯಾತ್ಮ ಪ್ರೋಗ್ರಾಮಿಗೆ ಫೋಲ್ಡರಿನ ಹೆಸರು ನೋಡಲು ಕಲಿಸಿದ್ದ, ಅದು ಇರುವ ಜಾಗ ನೋಡಲು ಕಲಿಸಿರಲಿಲ್ಲ. ಹಾಗಾಗಿ ಅವನೇ ತೆರೆದು ಮರೆತಿದ್ದ, ಅದೇ ಹೆಸರಿನ ಅವನ ಗುಟ್ಟಿನ ‘ಹೊಸದು’ ಎದ್ದು ಬಂದಿತ್ತು. ಪರದೆಯ ತುಂಬ ಅತ್ತಿಗೆಯೇ! ಸ್ಟುಡಿಯೋ ಕುರ್ಚಿಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ, ಬಾಯಿ ತೆರೆದುಕೊಂಡು.

ಡಾಕ್ಟರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಬಾಯಿ ಚೆನ್ನಾಗಿ ತೆಗೆದಿದ್ದೀರಮ್ಮಾ. ಎಡಗಡೆ ದವಡೆ ಹಲ್ಲು ಹುಳುಕಾಗಿದೆ. ಬಂದು ತೋರಿಸಿ.”

ಅವರು ಹೋದ ಮೇಲೆ ಅತ್ತಿಗೆ ತಣ್ಣಗೆ ಹೇಳಿದರು: “ಗೆದ್ರಿ. ಇನ್ನು ಪಾತ್ರೆ ತೊಳೀಬೇಡಿ.”

“ನಿಜವಾಗ್ಲೂ?”

“ಅಡುಗೆ ಮಾಡಿದ್ರೆ ತಾನೇ ಪಾತ್ರೆ?”

ಆ ಸಂಜೆ ಒಣ ಬ್ರೆಡ್ಡು ಅಗಿಯುತ್ತಲೇ ನನಗೆ ಫೋನ್ ಮಾಡಿ, “ಓಡ್ತು ಕಣೋ! ಗೆದ್ದೆ!” ಎಂದು ಕೂಗಿದ.

ಮೊನ್ನೆ ಹೋಗಿದ್ದಾಗ ಅತ್ತಿಗೆ ‘ಹೊಸದು’ ಒತ್ತಿದರು. ಈಗಲೂ ಅವನ ಕಿಟಕಿಯೇ ಮುಂದೆ ಬಂತು. ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೇ ಅದನ್ನು ತೆರೆದು ಮೂಲೆಯಲ್ಲಿ ಇಟ್ಟಿರುತ್ತಾರಂತೆ.

“ಆ ತಪ್ಪು ಸರಿ ಮಾಡಿಸ್ಲಾ ಅತ್ತಿಗೆ?” ಎಂದೆ.

“ಬೇಡ ಬಿಡಿ,” ಎಂದು ನಕ್ಕರು. “ಇದ್ದಾಗ ಹತ್ತು ಸಲ ಕರೆದ್ರೂ ಕದಲ್ತಿರಲಿಲ್ಲ. ಈಗ ನೋಡಿ, ಒಂದೇ ಸಲಕ್ಕೆ ಎದ್ದು ಬರ್ತಾರೆ.”