ಟೀಮಿಗೆ ಮಾವ ಬೇಕೇ?

ಹಾವು, ಸಿಡಿಲು, ಮೇಲಧಿಕಾರಿ ಇವುಗಳ ಭಯ ನನಗೆ ಎಲ್ಲರಿಗಿದ್ದಷ್ಟೇ ಇದೆ. ಮಾವನ ಭಯ ಮಾತ್ರ ತುಸು ಹೆಚ್ಚು. ಹಾಗಂತ ಹಿರೇಗುತ್ತಿಯ ನಮ್ಮ ಮಾವ ಬೈಯುವವರಲ್ಲ, ಕೂಗಾಡುವವರೂ ಅಲ್ಲ. ಬೆಲ್ಲ ನೀರು ಕೊಟ್ಟು, ಎದುರಿಗೆ ಕೂತು, ಸುಮ್ಮನೆ ನೋಡುತ್ತಾರೆ. ಆ ನೋಟದ ಮುಂದೆ ನಾನು ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡುವ ಗಿರಾಕಿ. ಹೆಣ್ಣು ನೋಡಲು ಹೋದ ದಿನ ಯಾರೂ ಕೇಳದೆಯೇ, ಗಣಿತದಲ್ಲಿ ಡುಮ್ಕಿ ಹೊಡೆದದ್ದನ್ನು ಹೇಳಿ ಬಂದಿದ್ದೆ. ಅಷ್ಟಾದರೂ ಹುಡುಗಿ ಕೊಟ್ಟರು, ಅದು ಅವರ ದೊಡ್ಡತನ.

ಇಂಥ ಮಾವನನ್ನೇ ನಾನು ಟೀಮಿನಿಂದ ಹೊರಗಿಟ್ಟೆ. ಎಪ್ಪತ್ತರ ದಶಕದ ಕೊನೆಯ ಮಾತು. ಕುಮಟೆಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವ ಭಟ್ಕಳದ ಇಸ್ಮಾಯಿಲ್. ಇಬ್ಬರಿಗೂ ವಾಲಿಬಾಲಿನ ಹುಚ್ಚು, ಇಬ್ಬರಿಗೂ ಆಡಲು ಬರುವುದಿಲ್ಲ. ಹಾಗಾಗಿ ಮಧ್ಯಾಹ್ನದ ಚಹಾದ ಹೊತ್ತಿಗೆ ಬಾಯಲ್ಲೇ ಆಡುತ್ತಿದ್ದೆವು. ಸತ್ತವರು, ಮುದುಕರಾದವರು, ಬೊಂಬಾಯಿಗೆ ಹೋದವರು ಎಲ್ಲರನ್ನೂ ಅವರವರ ಹರೆಯದಲ್ಲಿ ಎಬ್ಬಿಸಿ ತಂದು, ಎಂದೆಂದಿಗೂ ಸೋಲದ ಆರು ಜನರ ಟೀಮು ಕಟ್ಟುವುದು. ಅವನದು ಭಟ್ಕಳ, ನನ್ನದು ಹೊನ್ನಾವರ ಮತ್ತು ಕುಮಟಾ. ನಂತರ ಎದುರಾಬದುರು ಪಂದ್ಯ. ನನ್ನ ಕಡೆಗೆ ಶರಾವತಿಯಲ್ಲಿ ದೋಣಿ ನಡೆಸುತ್ತಿದ್ದ ತಿಮ್ಮಪ್ಪ ಇದ್ದ, ಹುಟ್ಟು ಹಾಕಿ ಹಾಕಿ ಅವನ ತೋಳು ತೊಲೆಯಂತಾಗಿತ್ತು. ಕರ್ಕಿಯ ಒಬ್ಬ ಯಕ್ಷಗಾನದ ವೇಷಧಾರಿಯನ್ನೂ ಸೇರಿಸಿಕೊಂಡಿದ್ದೆ. ಆ ಪುಣ್ಯಾತ್ಮ ಜನ್ಮದಲ್ಲಿ ಚೆಂಡು ಮುಟ್ಟಿದವನಲ್ಲ, ಆದರೆ ಕಿರೀಟ, ಗೆಜ್ಜೆ ಎಲ್ಲ ಹೊತ್ತುಕೊಂಡು ಅಷ್ಟೆತ್ತರ ಹಾರುವವನು ಬರಿಮೈಯಲ್ಲಿ ಎಷ್ಟು ಹಾರಬೇಡ ಎಂಬುದು ನನ್ನ ವಾದ. ಇಸ್ಮಾಯಿಲ್ ಒಪ್ಪಲಿಲ್ಲ. ನಾನು ಬಿಡಲಿಲ್ಲ.

"ನಿನ್ನ ಮಾವನೂ ಒಂದು ಕಾಲದಲ್ಲಿ ದೊಡ್ಡ ಆಟಗಾರ ಅಂತಲ್ಲ, ಅವರನ್ನು ಯಾಕೆ ತಗೊಳ್ಳಲಿಲ್ಲ?" ಎಂದು ಅವನು ಕೇಳಿದ್ದು ಆಗಲೇ. ಆಟದ ಅಮಲಿನಲ್ಲಿದ್ದೆ ನೋಡಿ, ನಾಲಿಗೆ ಜಾರಿತು. ಮಾವ ಚೆಂಡು ಸಿಕ್ಕರೆ ಇನ್ನೊಬ್ಬರಿಗೆ ಬಿಡುವವರಲ್ಲ, ಅವರ ಸರ್ವಿಸ್ ಗೆರೆಯೊಳಗೆ ಬಿದ್ದದ್ದಕ್ಕಿಂತ ಆಚೆಯ ಗಜನಿ ಗದ್ದೆಯ ಉಪ್ಪುನೀರಿಗೆ ಬಿದ್ದದ್ದೇ ಹೆಚ್ಚು ಎಂದುಬಿಟ್ಟೆ. ಮುಂದಿನ ಸಂತೆಯ ದಿನ ಮಾವ ಸಿಹಿ ಈರುಳ್ಳಿಯ ಗೊಂಚಲು ಹಿಡಿದು ಕಚೇರಿಗೇ ಬಂದರು. ಇಸ್ಮಾಯಿಲ್ ಕುರ್ಚಿ ಕೊಟ್ಟು, ಚಹಾ ತರಿಸಿ, ನಗುನಗುತ್ತ ಎಲ್ಲವನ್ನೂ ಹೇಳಿದ. ಗಜನಿಯನ್ನೂ ಬಿಡಲಿಲ್ಲ.

ಮಾವ ನನ್ನನ್ನು ನೋಡಿದರು. ಚಹಾ ಕುಡಿದು ಮುಗಿಸಿ, "ಆತು, ಭಾನುವಾರ ಊರಿಗೆ ಬನ್ನಿ. ದೇವರ ಹತ್ರ ಪ್ರಸಾದ ಕೇಳೂದಿದೆ" ಎಂದರು. ಮದುವೆಯಾದಂದಿನಿಂದ ಬಾ, ಹೋಗು ಎನ್ನುತ್ತಿದ್ದವರು ಬನ್ನಿ ಎಂದದ್ದು ಕೇಳಿಯೇ, ದೇವರ ಹತ್ತಿರ ಕೇಳುವುದು ಟೀಮಿನ ವಿಷಯ ಎಂದು ನನಗೆ ಖಾತ್ರಿಯಾಯಿತು. ಹೆಂಡತಿ ಬಾಣಂತನಕ್ಕೆ ಹೋಗಿ ತವರಿನಲ್ಲೇ ಇದ್ದಳು. ಮಗು ಮಗುಚಿಕೊಳ್ಳಲು ಕಲಿತಿತ್ತು. ಇಬ್ಬರನ್ನೂ ಯಾವಾಗ ಕಳಿಸುವುದೆಂಬುದು ಮಾವನ ಕೈಯಲ್ಲಿತ್ತು. ನಾನೋ ಒಲೆ ಹಚ್ಚಲು ಬಾರದೆ ಅವಲಕ್ಕಿ ಮೊಸರಿನಲ್ಲೇ ದಿನ ದೂಡುತ್ತಿದ್ದೆ. ಮಗು ನನ್ನನ್ನು ಕಂಡರೆ ಪರಕೀಯನನ್ನು ಕಂಡಂತೆ ಅಳುತ್ತಿತ್ತು. ಆ ಸಂಕಟ ಬೇರೆ.

ಭಾನುವಾರದವರೆಗೂ ನಿದ್ದೆ ಬರಲಿಲ್ಲ. ನಮ್ಮ ಕಡೆ ಮದುವೆಗೆ, ಬಾವಿ ತೋಡಲಿಕ್ಕೆ, ಕಳೆದ ದನಕ್ಕೆ, ಎಲ್ಲಕ್ಕೂ ಪ್ರಸಾದ ಕೇಳುತ್ತಾರೆ. ಭಟ್ಟರು ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ದೇವರು ಹೂಂ ಅಂದಂತೆ, ಎಡಗಡೆಯದು ಬಿದ್ದರೆ ಬೇಡ ಅಂದಂತೆ. ಆದರೆ ವಾಲಿಬಾಲ್ ಟೀಮಿಗೆ ಕೇಳಿದವರನ್ನು ನಾನು ಕಂಡಿರಲಿಲ್ಲ. ದೇವರು ಹೂಂ ಅಂದರೆ ಇಸ್ಮಾಯಿಲ್ ನಗುತ್ತಾನೆ, ನಗಲಿ. ಬೇಡ ಅಂದುಬಿಟ್ಟರೆ ಮಾವನ ಮಾನ ದೇವಸ್ಥಾನದಲ್ಲೇ ಹೋಗುತ್ತದೆ, ಅದರೊಂದಿಗೆ ನನ್ನ ಸಂಸಾರವೂ.

ಮಾವ ಕೈಮುಗಿದು, ಮನಸ್ಸಿನಲ್ಲೇ ಕೇಳಿಕೊಂಡರು. ಭಟ್ಟರು ಗಂಟೆ ಆಡಿಸಿದರು. ನಾನು ಬಲ, ಬಲ ಎಂದು ಜಪಿಸಿದೆ. ಎಸಳು ಬಿತ್ತು, ಎಡಕ್ಕೆ.

ಮಾವನ ಮುಖ ಸಣ್ಣದಾಯಿತು. ದೇವರ ಎದುರೇ ಮಾವನ ಎರಡೂ ಕೈ ಹಿಡಿದುಕೊಂಡು, "ಮಾವ, ದೇವರು ಎಂತದೇ ಹೇಳಲಿ, ನೀವು ನನ್ನ ಟೀಮಿನಲ್ಲಿ ಇದ್ದೀರಿ. ಸರ್ವಿಸ್ ನಿಮ್ಮದೇ" ಎಂದೆ. ಭಟ್ಟರು ಆರತಿ ತಟ್ಟೆ ಹಿಡಿದುಕೊಂಡು ಹಾಗೇ ನಿಂತರು.

ಮಾವ ಮೆಲ್ಲಗೆ ಕೈ ಬಿಡಿಸಿಕೊಂಡರು. "ಟೀಮಿನ ವಿಷಯ ದೇವರ ಹತ್ರ ಎಂತಕೆ ಕೇಳೂದು ಮಾರಾಯಾ? ಮಗಳನ್ನ ಈ ತಿಂಗಳೇ ನಿನ್ನ ಸಂಗಡ ಕಳಸೂದಾ ಅಂತ ಕೇಳ್ದೆ. ಬೇಡ ಅಂತು" ಎಂದರು. ಮತ್ತೆ, "ಸರ್ವಿಸ್ ನಂದೇ ಅಂದ್ಯಲ, ಅಷ್ಟು ಸಾಕು" ಎಂದು ಬೆನ್ನು ತಟ್ಟಿದರು.

ಅಂದು ಸಂಜೆ ಒಬ್ಬನೇ ಬಸ್ಸು ಹತ್ತಿ ಕುಮಟೆಗೆ ಮರಳಿದೆ. ಮಾರನೆಯ ದಿನದಿಂದ ನನ್ನ ಟೀಮು ಸೋಲತೊಡಗಿತು, ಪ್ರತಿ ಸಲವೂ ಸರ್ವಿಸಿನಲ್ಲಿ. ತಿಂಗಳು ಕಳೆದು, ಮತ್ತೆ ಪ್ರಸಾದ ಕೇಳುವುದಿದೆ ಎಂದು ಮಾವ ಹೇಳಿ ಕಳಿಸಿದಾಗ ಜ್ವರ ಎಂದು ನೆಪ ಹೇಳಿ ಮನೆಯಲ್ಲೇ ಉಳಿದೆ. ಎಸಳು ಎತ್ತ ಬೀಳುವುದೋ ಎಂಬ ಭಯವಲ್ಲ. ಅದು ಬೀಳುವುದರೊಳಗೆ ನಾನು ಬಾಯಿ ಬಿಟ್ಟು, ಮಾವನನ್ನು ಕ್ಯಾಪ್ಟನ್ನೇ ಮಾಡಿ ಬಂದೇನು ಎಂಬ ಭಯ.